ಬ್ರೌನಿಂಗ್ ದಂಪತಿಗಳು

ಚರಿತ್ರೆಯಲ್ಲಿ ಪ್ರಸಿದ್ಧಿಗೆ ಬಂದ ಪ್ರಣಯವೃತ್ತಾಂತಗಳು ಎಷ್ಟೋ ಉಂಟು. ಆದರೆ ಅವುಗಳಲ್ಲಿ ಬಹುಭಾಗವು ಲೋಕಕ್ಕೆ ದೊರೆತಿರುವುದು ಕವಿಗಳ ಬಾಯಿಂದ, ಇಲ್ಲವೆ ಆಸ್ಥಾನದ ಬಖೈರುಗಳಿಂದ. ಪ್ರೇಮಿಗಳು ತಾವೇ ಏನನ್ನು ಆಡಿಕೊಂಡರು, ಯಾವ ದಿನ ಯಾವುದಕ್ಕೆ ಅಂಜಿದರು, ಯಾವ ಮಾತಿಗೆ ಮುನಿದರು ಎಂಬುದು ತಿಳಿದುಬರುವುದು ಬಹು ಅಪೂರ್ವ. ಆಂಗ್ಲ ಕವಿಗಳಾದ ಎಲಿಜಬೆತ್ ಬ್ಯಾರೆಟ್ ಮತ್ತು ರಾಬರ್ಟ್ ಬ್ರೌನಿಂಗ್ ಇವರ ವೃತ್ತಾಂತವು ಅಂಥ ಅಪೂರ್ವಗಳಲ್ಲೊಂದು. ೧೮೪೫ನೆಯ ಇಸವಿಯ ಜನವರಿಯಿಂದ ೧೮೪೬ನೆಯ ಇಸವಿಯ ಸೆಪ್ಟೆಂಬರಿನ ವರೆಗೆ, ಇಪ್ಪತ್ತು ತಿಂಗಳ ಅವಧಿಯಲ್ಲಿ, ಅವರು ಒಬ್ಬರಿಗೊಬ್ಬರು ಬರೆದ ೫೭೦ಕ್ಕೂ ಮಿಕ್ಕ ಪತ್ರಗಳು ಉಳಿದುಬಂದಿವೆ. ಇಬ್ಬರೂ ಇದ್ದುದು ಲಂಡನ್ ನಗರದಲ್ಲಿಯೇ. ನಡುವೆ ಕೆಲವು ಮೈಲಿಗಳ ದಾರಿ. ಆದರೂ ಅಂಚೆಯವನು ಒಂದೊಂದು ದಿನ ಎರಡು ಬಾರಿ ಬರಬೇಕಾಗುತ್ತಿತ್ತು.

ಈ ಕಥೆಯನ್ನು ೧೯೩೦ರಲ್ಲಿ ನಾಟಕವಾಗಿ ಆಡಿದರು, ೧೯೩೪ರಲ್ಲಿ ಚಲಚ್ಚಿತ್ರವಾಗಿಯೂ ತೋರಿಸಿದರು. ರಂಗಭೂಮಿಗೆ ಒಬ್ಬ ರಾಕ್ಷಸನು ಬೇಕು. ಆ ವೇಷವು ಕನ್ಯೆಯ ತಂದೆಗೆ ಬಂದಿತು. ಪತ್ರಗಳನ್ನು ಓದಿದವರಿಗೆ ಮಾತ್ರ ಆತನನ್ನು ರಾಕ್ಷಸನೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭವಾಗಲಾರದು. ಮಗಳು ತಂದೆಯನ್ನು ಪ್ರೀತಿಸಿದ್ದಳು. ತಂದೆಗೂ ಮಗಳಲ್ಲಿ ಪ್ರೀತಿಯಿದ್ದಿತು. ಇಡಿಯ ಕಥೆಯ ಕಷ್ಟವಿರುವುದು ಅಲ್ಲಿಯೇ.

ಎಲಿಜಬೆತ್ತಳು ಹುಟ್ಟಿದುದು ೧೮೦೬ನೆಯ ಇಸವಿ ಮಾರ್ಚಿ ೬ರಂದು. ಹನ್ನೆರಡು ಮಕ್ಕಳಲ್ಲಿ ಮೊದಲನೆಯವಳು. ತಂದೆ ಎಡ್ವರ್ಡ್ ಬ್ಯಾರೆಟ್ಟನ ಮನೆತನದ ಐಶ್ವರ್ಯವು ಜಮೈಕಾ ದ್ವೀಪದ ಕಬ್ಬಿನ ತೋಟಗಳಿಂದ, ಎಂದರೆ ಗುಲಾಮರ ಬೆವರಿನಿಂದ, ಬಂದುದು. ಹೆರಿಫರ್ಡ್ ಪ್ರಾಂತದ 'ಹೋಪ್ ಎಂಡ್' ಎಂಬ ವಿಸ್ತಾರವಾದ ಬಂಗಲೆಯಲ್ಲಿ ಆಕೆಯ ಬಾಲ್ಯವು ಕಳೆಯಿತು. ತಮ್ಮನಿಗೆ ಗ್ರೀಕ್ ಹೇಳಿಕೊಡಲು ಬಂದ ಉಪಾಧ್ಯಾಯನಿಂದ ಅಕ್ಕನೂ ಕಲಿತಳು. ಮುಂದೆ ಈಸ್ಕಿಲಸ್ ಕವಿಯ ಒಂದು ನಾಟಕವನ್ನೇ ಇಂಗ್ಲಿಷಿಗೆ ತಂದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆಯು ಮ್ಯಾರಥಾನ್ ಕದನವನ್ನು ಕುರಿತು ಬರೆದ ಕಾವ್ಯವನ್ನು ತಂದೆಯು ತನ್ನ ಖರ್ಚಿನಿಂದ ಐವತ್ತು ಪ್ರತಿ ಅಚ್ಚು ಹಾಕಿಸಿದನು. ಹೆಣ್ಣುಮಕ್ಕಳ ವಿದ್ಯೆಗೆ ಹೊಲಿಗೆ ಪಿಯಾನೋಗಳೇ ಎಲ್ಲೆಯೆಂದು ತಿಳಿದಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ವಾತ್ಸಲ್ಯವಲ್ಲ. ಆಕೆಯ ಮೊದಲನೆಯ ಪ್ರಕಾಶಕನು ಆಕೆಯ ತಂದೆಯೇ.

ಹದಿನೈದನೆಯ ವಯಸ್ಸಿನಿಂದ ಆಕೆಯ ದೇಹವು ಕೆಟ್ಟಿತು. ವೈದ್ಯರು ಕೊಟ್ಟ ಅಫೀಮಿನ ದ್ರಾವಣವು ಆಯುಷ್ಯವಿರುವ ತನಕ ಬಿಡಲಿಲ್ಲ. ೧೮೨೮ರಲ್ಲಿ ತಾಯಿ ತೀರಿಕೊಂಡಳು; ೧೮೩೨ರಲ್ಲಿ ಹೋಪ್ ಎಂಡ್ ಕೈಬಿಟ್ಟಿತು; ಸಂಸಾರವು ಕೊನೆಗೆ ಲಂಡನ್ನಿನ ವಿಂಪೋಲ್ ಬೀದಿಯ ೫೦ನೆಯ ನಂಬರಿನ ಮನೆಯನ್ನು ಸೇರಿತು. ಹವೆ ಬದಲಾಗಲೆಂದು ಆಕೆಯನ್ನು ಟಾರ್ಕಿ ಎಂಬ ಸಮುದ್ರತೀರದ ಊರಿಗೆ ಕಳುಹಿಸಿದ್ದಾಗ, ಒಡಹುಟ್ಟಿದವರಲ್ಲಿ ಆಕೆಗೆ ಅತ್ಯಂತ ಪ್ರಿಯನಾಗಿದ್ದ ತಮ್ಮನು ಜೊತೆಗಿದ್ದನು. ಅವನು ಹಿಂದಿರುಗಬೇಕೆಂದು ತಂದೆಯ ಇಷ್ಟ. ಇರಲೆಂದು ಅಕ್ಕನು ಅತ್ತು ಬೇಡಿ ನಿಲ್ಲಿಸಿಕೊಂಡಳು. ೧೮೪೦ನೆಯ ಜುಲೈಯಲ್ಲಿ ಅವನು ದೋಣಿವಿಹಾರಕ್ಕೆ ಹೋಗಿ ಮುಳುಗಿಹೋದನು. ಆ ಸಾವಿಗೆ ತಾನೇ ಕಾರಣಳೆಂಬ ಕೊರಗು ಆಕೆಯನ್ನು ಮತ್ತೆಂದೂ ಬಿಡಲಿಲ್ಲ. ತಂದೆಯು ಆಗ ಒಂದು ಆಕ್ಷೇಪದ ಮಾತನ್ನೂ ಆಡಲಿಲ್ಲ. ಈ ಉಪಕಾರವನ್ನು ಮಗಳು ಮರೆಯಲಿಲ್ಲ; ಮರೆಯಲಾರದೆ ಹೋದುದೇ ಮುಂದೆ ಆಕೆಗೆ ಕಷ್ಟವಾಯಿತು.

ವಿಂಪೋಲ್ ಬೀದಿಯ ಮನೆಯ ಮೇಲಂತಸ್ತಿನ ಒಂದು ಕೋಣೆ, ಕಿಟಕಿಗೆ ಹಬ್ಬಿಸಿದ ಬಳ್ಳಿ, ಒಂದು ಸೋಫಾ, ಗೋಡೆಗಳ ಮೇಲೆ ಕವಿಗಳ ಚಿತ್ರಗಳು, ಕಾಲಬಳಿ ಫ್ಲಷ್ ಎಂಬ ನಾಯಿ. ಚಳಿಗಾಲ ಬಂದಿತೆಂದರೆ ಆ ಕೋಣೆಯ ಗಾಳಿಯೇ ಬದಲಾಗುವಂತಿರಲಿಲ್ಲ. ರಾತ್ರಿ ತಂದೆಯು ಬಂದು, ಹಾಸಿಗೆಯ ಬಳಿಯಲ್ಲಿ ಕೈಹಿಡಿದು ಪ್ರಾರ್ಥನೆ ಮಾಡಿ ಹೋಗುವನು. ಇಂಥ ಸ್ಥಿತಿಯಲ್ಲಿ ಆಕೆಯು ೧೮೪೪ರಲ್ಲಿ ಎರಡು ಸಂಪುಟಗಳ ಕವಿತೆಗಳನ್ನು ಪ್ರಕಟಿಸಿ ತಂದೆಗೆ ಅರ್ಪಿಸಿದಳು. ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಹೆಸರಾಯಿತು. ಮನೆಯ ಹೊಸಿಲು ದಾಟದ ಕವಯಿತ್ರಿಯನ್ನು ಸಮುದ್ರದಾಚೆಯವರು ಓದುತ್ತಿದ್ದರು.

ಆ ಮನೆಯಲ್ಲಿ ಬರೆಯದ ಕಾನೂನೊಂದಿದ್ದಿತು: ಮಕ್ಕಳಲ್ಲಿ ಯಾರೂ ವಿವಾಹವಾಗಕೂಡದು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದು ಒಂದೇ ವಿಧಿ. ಇದಕ್ಕೆ ಕಾರಣವೇನೆಂಬುದನ್ನು ಕುರಿತು ಚರಿತ್ರಕಾರರು ನಾನಾ ಊಹೆಗಳನ್ನು ಮಾಡಿದ್ದಾರೆ. ತಂದೆಯು ತಾನು ಮಾತ್ರ ಕಾರಣವನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಚಂದ್ರಲೋಕದ ವಂಶಾವಳಿಯನ್ನೂ ನೆರೆಯ ಪ್ರಾರ್ಥನಾಮಂದಿರದ ಯೋಗ್ಯತಾಪತ್ರವನ್ನೂ ಹಿಡಿದುಕೊಂಡು ಸ್ವರ್ಣದೇಶದ ರಾಜಕುಮಾರನೇ ಬಂದು ಕೇಳಿದರೆ ಏನಾದೀತೆಂದು ಅಕ್ಕತಂಗಿಯರು ಒಮ್ಮೆ ಹಾಸ್ಯ ಮಾಡಿಕೊಂಡರಂತೆ. ಆಗಲೂ ಆಗದೆಂದು ಕಿರಿಯವಳು ಉತ್ತರ ಕೊಟ್ಟಳು.

ರಾಬರ್ಟ್ ಬ್ರೌನಿಂಗನು ೧೮೧೨ನೆಯ ಮೇ ೭ರಂದು ಹುಟ್ಟಿದವನು, ಆಕೆಗಿಂತ ಆರು ವರ್ಷ ಕಿರಿಯ. ಆತನ ತಂದೆಯು ಇಂಗ್ಲೆಂಡ್ ಬ್ಯಾಂಕಿನಲ್ಲಿ ಗುಮಾಸ್ತೆ; ಸಂಬಳಕ್ಕಿಂತ ಪುಸ್ತಕಗಳೇ ಆತನ ಸೊತ್ತು. ಈ ಗುಮಾಸ್ತೆಯ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳದೆ ಬಿಡಲಾಗದು. ಯೌವನದಲ್ಲಿ ಆತನನ್ನು ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದ ತೋಟವನ್ನು ನೋಡಿಕೊಳ್ಳಲು ಕಳುಹಿಸಿದ್ದರು. ಅಲ್ಲಿ ಗುಲಾಮರನ್ನು ನಡೆಸಿಕೊಳ್ಳುವ ರೀತಿಯನ್ನು ಕಂಡು ಹೇಸಿ, ಬರಬೇಕಾಗಿದ್ದ ಆಸ್ತಿಯನ್ನು ಬಿಟ್ಟು, ಸ್ವಂತ ತಂದೆಯ ಕೋಪಕ್ಕೆ ಪಾತ್ರನಾಗಿ ಹಿಂದಿರುಗಿ ಗುಮಾಸ್ತೆಗಿರಿಗೆ ಸೇರಿದನು. ಒಂದೇ ಬಗೆಯ ತೋಟದಿಂದ ಒಂದು ಮನೆಗೆ ಐಶ್ವರ್ಯವೂ ಇನ್ನೊಂದು ಮನೆಗೆ ಬಡತನವೂ ಬಂದುವು. ಆ ಎರಡು ಮನೆಗಳ ಮಕ್ಕಳು ಇವರು.

ರಾಬರ್ಟನ ಕವಿತೆಗಳಿಗೆ ಆಗ ಓದುಗರು ವಿರಳ. ೧೮೪೦ರಲ್ಲಿ ಪ್ರಕಟವಾದ 'ಸಾರ್ಡೆಲೊ' ಕಾವ್ಯವು ಯಾರಿಗೂ ಅರ್ಥವಾಗದೆಂದು ಊರೆಲ್ಲ ನಕ್ಕಿತ್ತು. ಇಟಲಿಯ ಪ್ರವಾಸದಿಂದ ಹಿಂದಿರುಗಿ ಎಲಿಜಬೆತ್ತಳ ಸಂಪುಟಗಳನ್ನು ತೆರೆದು ನೋಡಿದಾಗ, ಒಂದು ಕವಿತೆಯಲ್ಲಿ ತನ್ನ ಹೆಸರು ಗೌರವದಿಂದ ಬಂದಿರುವುದನ್ನು ಕಂಡನು. ಇಬ್ಬರಿಗೂ ಮಿತ್ರನೂ ಆಕೆಗೆ ದೂರದ ಬಂಧುವೂ ಆಗಿದ್ದ ಜಾನ್ ಕೆನ್ಯನ್ ಎಂಬ ಸಜ್ಜನನು ಬರೆಯಲು ಪ್ರೋತ್ಸಾಹಿಸಿದನು. ೧೮೪೫ನೆಯ ಜನವರಿ ೧೦ರಂದು ಬರೆದ ಮೊದಲನೆಯ ಪತ್ರದಲ್ಲಿಯೇ ಬ್ರೌನಿಂಗನು, ಆಕೆಯ ಕವಿತೆಗಳನ್ನು ಪ್ರೀತಿಸುವುದಾಗಿಯೂ, ಆಕೆಯನ್ನೂ ಪ್ರೀತಿಸುವುದಾಗಿಯೂ ತಿಳಿಸಿಬಿಟ್ಟನು. ಮುಖವನ್ನೇ ಕಾಣದ ಗಂಡಸಿನಿಂದ ಬಂದ ಈ ಮಾತನ್ನು ಆಕೆಯು ಕವಿಯ ಉತ್ಸಾಹವೆಂದು ತಿಳಿದು, ಛಂದಸ್ಸು ಶೈಲಿಗಳ ಪ್ರಸ್ತಾಪದಿಂದ ಉತ್ತರ ಕೊಟ್ಟಳು.

ಚಳಿ ಕಳೆಯಲೆಂದು ಆಕೆಯು ಭೇಟಿಯನ್ನು ಮುಂದಕ್ಕೆ ಹಾಕುತ್ತ ಹೋದಳು. ಮೇ ೨೦ರ ಮಧ್ಯಾಹ್ನ ಮೂರು ಗಂಟೆಗೆ ಬ್ರೌನಿಂಗನು ಆ ಕೋಣೆಯ ಮೆಟ್ಟಲನ್ನು ಹತ್ತಿದನು. ಮನೆಗೆ ಹೋದವನೇ ಪ್ರೇಮನಿವೇದನೆಯ ಪತ್ರವೊಂದನ್ನು ಬರೆದನು. ಅಂಥ ಮಾತನ್ನು ಮತ್ತೆ ಎತ್ತಿದರೆ ತಾನು ಇನ್ನು ನೋಡಲಾರೆನೆಂದು ಆಕೆಯು ಅದನ್ನು ಹಿಂದಕ್ಕೆ ಕಳುಹಿಸಿದಳು, ಆತನು ಸುಟ್ಟುಹಾಕಿದನು. ಇಷ್ಟು ಪತ್ರಗಳ ರಾಶಿಯಲ್ಲಿ ಕಳೆದುಹೋಗಿರುವ ಪತ್ರವೆಂದರೆ ಇದೊಂದೇ. ಆತನು ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ತಂದೆಯು ಪೇಟೆಗೆ ಹೋಗಿರುವ ಹೊತ್ತನ್ನು ನೋಡಿಕೊಂಡು ಬರುವನು. ಬಂದುಹೋದ ದಿನವನ್ನೂ ಗಳಿಗೆಯನ್ನೂ ಆಕೆಯ ಲಕೋಟೆಗಳ ಮೇಲೆ ಬರೆದಿಟ್ಟುಕೊಳ್ಳುವನು. ಬ್ಯಾಂಕಿನ ಗುಮಾಸ್ತೆಯ ಮಗನಲ್ಲವೆ!

ಆಕೆಯು ಹಿಂದೆಗೆದುದಕ್ಕೆ ಕಾರಣಗಳಿಲ್ಲದಿರಲಿಲ್ಲ. ತಾನು ರೋಗಿ, ವಯಸ್ಸು ಮೂವತ್ತೊಂಬತ್ತು, ಆರೋಗ್ಯವಂತನಾದ ಯುವಕನಿಗೆ ತಾನು ಹೊರೆಯಾಗುವೆನೆಂಬ ಸಂಕೋಚ. ಆದರೆ ಆ ವರ್ಷದ ಶರತ್ಕಾಲದಲ್ಲಿ ನಡೆದ ಒಂದು ಸಂಗತಿಯು ಆಕೆಯ ಕಣ್ಣನ್ನು ತೆರೆಯಿಸಿತು. ಚಳಿಗಾಲವನ್ನು ಇಟಲಿಯ ಪಿಸಾ ನಗರದಲ್ಲಿ ಕಳೆದರೆ ಒಳ್ಳೆಯದೆಂದು ವೈದ್ಯನು ಹೇಳಿದನು. ಖರ್ಚಿಗೆ ಆಕೆಯ ಸ್ವಂತ ಹಣವಿದ್ದಿತು. ಜೊತೆಗೆ ಹೋಗಲು ಸೋದರ ಸೋದರಿಯರು ಸಿದ್ಧರಿದ್ದರು. ತಂದೆಯು ಒಪ್ಪಲಿಲ್ಲ, ಹೋದರೆ ತನ್ನ ಅಸಮ್ಮತಿಯನ್ನು ಕಟ್ಟಿಕೊಂಡು ಹೋಗಬೇಕೆಂದನು. ತನ್ನ ಮಗಳು ಬದುಕುವಳೋ ಇಲ್ಲವೋ ಎಂಬುದಕ್ಕಿಂತ ತನ್ನ ಮಾತು ನಡೆಯುವುದೋ ಇಲ್ಲವೋ ಎಂಬುದೇ ಆತನಿಗೆ ದೊಡ್ಡದಾಗಿದ್ದಿತು. ಆಕೆಯು ಪಿಸಾಕ್ಕೆ ಹೋಗಲಿಲ್ಲ. ಆದರೆ ಅಂದಿನಿಂದ ತಂದೆಯ ಆಣತಿಯನ್ನೂ ತಂದೆಯ ಪ್ರೀತಿಯನ್ನೂ ಒಂದೇ ಎಂದು ತಿಳಿಯುವುದನ್ನು ಬಿಟ್ಟಳು. ಆ ಹೇಮಂತದೊಳಗೆ ಬ್ರೌನಿಂಗನಿಗೆ ಮಾತು ಕೊಟ್ಟಳು.

ಪಿತೃವಾಕ್ಯ ಪರಿಪಾಲನೆಯನ್ನು ಪರಮಧರ್ಮವೆಂದು ಕೇಳುತ್ತ ಬೆಳೆದ ಮನೆಗಳವರು ಇಲ್ಲಿ ಸ್ವಲ್ಪ ನಿಲ್ಲುವುದು ಸಹಜ. ಎಲಿಜಬೆತ್ತಳು ಕೂಡ ನಿಂತಳು. ತಂದೆಯನ್ನು ಕೇಳಿಯೇ ಮದುವೆಯಾಗೋಣವೆಂದು ಬ್ರೌನಿಂಗನು ಪದೇ ಪದೇ ಬರೆದನು. ಮರೆಮಾಚುವುದು ಆತನ ಸ್ವಭಾವಕ್ಕೆ ಒಗ್ಗದು. ಕೇಳಿದ ದಿನವೇ ಪತ್ರವೂ ಭೇಟಿಯೂ ನಿಂತುಹೋಗುವುವೆಂದು, ಮಗಳು ಮದುವೆಯಾಗುವುದಕ್ಕಿಂತ ತನ್ನ ಪಾದದ ಬಳಿ ಸತ್ತು ಬೀಳುವುದು ತಂದೆಗೆ ಮೇಲೆಂದು ಆಕೆಯು ಉತ್ತರಿಸಿದಳು. ಇದು ಅತಿಶಯೋಕ್ತಿಯಾಗಿರಲಿಲ್ಲವೆಂಬುದು ಮುಂದೆ ಇತರ ಮಕ್ಕಳ ವಿಷಯದಲ್ಲಿ ಸಿದ್ಧವಾಯಿತು: ತಂಗಿ ಹೆನ್ರಿಯೆಟ್ಟಳು ೧೮೫೦ರಲ್ಲಿಯೂ ತಮ್ಮ ಆಲ್ಫ್ರೆಡನು ೧೮೫೫ರಲ್ಲಿಯೂ ಮದುವೆಯಾದರು, ಅವರಿಗೂ ಮನೆಯ ಬಾಗಿಲು ಮುಚ್ಚಿತು.

೧೮೪೬ನೆಯ ಜನವರಿಯಲ್ಲಿ ಆಕೆಯು ಮೆಟ್ಟಲಿಳಿದು ಕೆಳಗಿನ ಕೋಣೆಗೆ ತಾನೇ ನಡೆದು ಬಂದಳು. ವಸಂತದಲ್ಲಿ ರೀಜೆಂಟ್ಸ್ ಉದ್ಯಾನದ ಹುಲ್ಲಿನ ಮೇಲೆ ಕಾಲಿಟ್ಟಳು. ಸೆಪ್ಟೆಂಬರಿನ ಮೊದಲ ದಿನ ಒಂದು ವಿಚಿತ್ರವು ನಡೆಯಿತು. ನಾಯಿಗಳನ್ನು ಕದ್ದು ಹಣ ಕೀಳುವ ತಂಡವೊಂದು ಫ್ಲಷನನ್ನು ಎತ್ತಿಕೊಂಡುಹೋಯಿತು. ಹೀಗಾದುದು ಮೂರನೆಯ ಸಲ. ಕಳ್ಳರಿಗೆ ಹಣ ಕೊಡುವುದು ಅಧರ್ಮವೆಂದು ಬ್ರೌನಿಂಗನು ಉದ್ದುದ್ದ ಪತ್ರಗಳಲ್ಲಿ ವಾದಿಸಿದನು. ಆಕೆಯು ವಾದಕ್ಕೆ ಸೋಲಲಿಲ್ಲ. ಪರಿಚಾರಿಕೆಯನ್ನು ಕರೆದುಕೊಂಡು, ಗಾಡಿಯಲ್ಲಿ ಕುಳಿತು, ಷೋರ್‌ಡಿಚ್ಚಿನ ಕಳ್ಳರ ಕೇರಿಗೆ ತಾನೇ ಹೋದಳು. ಕೊನೆಗೆ ಆರು ಗಿನಿಗಳನ್ನು ತೆತ್ತು ನಾಯಿಯನ್ನು ಬಿಡಿಸಿಕೊಂಡಳು. ಐದಾರು ವರ್ಷ ಒಂದು ಕೋಣೆಯಲ್ಲಿ ಮಲಗಿದ್ದವಳು ಇವಳೇ! ಮದುವೆಯ ಧೈರ್ಯಕ್ಕೆ ಇದು ಪೂರ್ವರಂಗವಾಯಿತೆಂದರೆ ತಪ್ಪಾಗದು.

ಅದೇ ತಿಂಗಳ ಎರಡನೆಯ ವಾರದಲ್ಲಿ, ಮನೆಗೆ ಬಣ್ಣ ಹೊಡೆಯಿಸಬೇಕಾಗಿದೆ, ಎಲ್ಲರೂ ಹಳ್ಳಿಯ ಕಡೆಗೆ ಹೊರಡಬೇಕು ಎಂದು ತಂದೆಯ ಅಪ್ಪಣೆಯಾಯಿತು. ತಡಮಾಡಿದರೆ ಇಟಲಿಯ ಪ್ರಯಾಣಕ್ಕೆ ಮತ್ತೊಂದು ವರ್ಷ ಕಾಯಬೇಕು. ಸೆಪ್ಟೆಂಬರು ೧೨, ಶನಿವಾರ, ಬೆಳಿಗ್ಗೆ ಆಕೆಯು ವಿಲ್ಸನ್ ಎಂಬ ಪರಿಚಾರಿಕೆಯೊಡನೆ ಹೊರಟಳು. ದಾರಿಯಲ್ಲಿ ಕಾಲು ಕುಸಿದು ಔಷಧದಂಗಡಿಯಲ್ಲಿ ಚೇತರಿಕೆಯ ಮದ್ದನ್ನು ಕುಡಿಯಬೇಕಾಯಿತು. ಮೇರಿಲೆಬೋನ್ ಚರ್ಚಿನಲ್ಲಿ ಬ್ರೌನಿಂಗನ ಒಬ್ಬ ಸೋದರಸಂಬಂಧಿ, ಈ ವಿಲ್ಸನ್, ಇವರಿಬ್ಬರ ಸಾಕ್ಷ್ಯದಲ್ಲಿ ಅರ್ಧ ಗಂಟೆಯಲ್ಲಿ ವಿವಾಹವಾಯಿತು. ವರನ ಲೆಕ್ಕದಲ್ಲಿ ಅದು ತೊಂಬತ್ತೊಂದನೆಯ ಭೇಟಿ. ಆ ಮೇಲೆ ವಧುವು ಉಂಗುರವನ್ನು ಬೆರಳಿನಿಂದ ತೆಗೆದಿಟ್ಟು ತಂದೆಯ ಮನೆಗೆ ಹಿಂದಿರುಗಿ, ಏನೂ ನಡೆಯದವಳಂತೆ ಒಂದು ವಾರ ಇದ್ದಳು. ಆ ವಾರದಲ್ಲಿ ಬ್ರೌನಿಂಗನು ಆ ಮನೆಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು "ಮಿಸ್ ಬ್ಯಾರೆಟ್ ಇದ್ದಾರೆಯೇ" ಎಂದು ಕೇಳಬೇಕಾಗುವುದಲ್ಲ. ಆ ಒಂದು ಸುಳ್ಳನ್ನು ಆಡಲು ಆತನಿಂದಾಗಲಿಲ್ಲ.

೧೯ರಂದು, ತಂಗಿಯರಿಗೂ ತಿಳಿಸದೆ, ಆಕೆಯು ವಿಲ್ಸನಳೊಡನೆ ನಾಯಿಯನ್ನು ಸಹ ಕರೆದುಕೊಂಡು ಹೊರಬಿದ್ದಳು. ತಿಳಿಸಿದ್ದರೆ ತಂದೆಯ ಕೋಪದಲ್ಲಿ ಅವರಿಗೂ ಪಾಲು ಬರುತ್ತಿತ್ತು. ಫ್ರಾನ್ಸಿನ ಓರ್ಲಿಯನ್ಸ್ ನಗರವನ್ನು ಮುಟ್ಟಿದಾಗ ಮನೆಯಿಂದ ಪತ್ರಗಳು ಕಾದಿದ್ದುವು. ತಂಗಿಯರ ಪತ್ರಗಳಲ್ಲಿ ಕಣ್ಣೀರೂ ಹರಕೆಯೂ ಇದ್ದುವು. ತಂದೆಯ ಪತ್ರದಲ್ಲಿ ತನ್ನ ಪಾಲಿಗೆ ಮಗಳು ಸತ್ತಳೆಂಬ ತೀರ್ಪು. ಆ ಪತ್ರದ ತರುವಾಯ ಆತನು ಆಕೆಗೆ ಮತ್ತೊಂದು ಸಾಲನ್ನು ಬರೆಯಲಿಲ್ಲ. ಕಣ್ವಮಹರ್ಷಿಯು ತೀರ್ಥಯಾತ್ರೆಯಿಂದ ಬಂದು, ತನ್ನನ್ನು ಕೇಳದೆ ನಡೆದ ಗಾಂಧರ್ವವಿವಾಹವನ್ನು ತಿಳಿದು, ಮಗಳನ್ನು ಹರಸಿ ಕಳುಹಿಸಿದ ಪ್ರಸಂಗವನ್ನು ಓದಿ ಕಣ್ಣೊರೆಸಿಕೊಂಡವರಿಗೆ ವಿಂಪೋಲ್ ಬೀದಿಯ ತಂದೆಯ ಮೌನವು ಎಷ್ಟು ಕಠಿನವೆಂಬುದು ಹೇಳದೆಯೇ ಗೊತ್ತಾಗುವುದು.

ಆ ಚಳಿಗಾಲವನ್ನು ದಂಪತಿಗಳು ಪಿಸಾದಲ್ಲಿ ಕಳೆದರು. ಓಡಿಹೋದ ಗುಲಾಮ ಹೆಂಗಸೊಬ್ಬಳ ಬಾಯಿಂದ ಹೇಳಿಸಿದ ಕವಿತೆಯೊಂದನ್ನು ಎಲಿಜಬೆತ್ತಳು ಅಲ್ಲಿ ಮುಗಿಸಿ, ಬಾಸ್ಟನ್ ನಗರದ ಗುಲಾಮಗಿರಿ ವಿರೋಧಿಗಳ ವಾರ್ಷಿಕಪತ್ರಕ್ಕೆ ಕಳುಹಿಸಿದಳು. ತನ್ನನ್ನು ಸಾಕಿದ ಹಣದ ಮೂಲವನ್ನು ಆಕೆಯು ಮರೆತವಳಲ್ಲ. ೧೮೪೭ರಲ್ಲಿ ಅವರು ಫ್ಲಾರೆನ್ಸ್ ನಗರಕ್ಕೆ ಬಂದು, ಪಿಟ್ಟಿ ಅರಮನೆಯ ಸಮೀಪದ 'ಕಾಸಾ ಗ್ವಿಡಿ' ಎಂಬ ಮನೆಯಲ್ಲಿ ನಿಂತರು. ಮೊದಲನೆಯ ವಿವಾಹದಿನದಂದು, ಪೌರಸೈನ್ಯವನ್ನು ಕಟ್ಟಿಕೊಳ್ಳುವ ಹಕ್ಕು ದೊರೆಯಿತೆಂದು ಫ್ಲಾರೆನ್ಸಿನ ಜನರು ಧ್ವಜಗಳನ್ನು ಹಿಡಿದು ಆ ಮನೆಯ ಮುಂದೆಯೇ ಗಂಟೆಗಟ್ಟಲೆ ಮೆರವಣಿಗೆ ಹೋದರು. ಇಟಲಿಯ ಸ್ವಾತಂತ್ರ್ಯದ ಆಸೆಯು ಆಕೆಗೆ ಅಂದಿನಿಂದ ಸ್ವಂತದ ಆಸೆಯಾಯಿತು. ಗರ್ಭವು ಹಲವು ಸಲ ನಿಲ್ಲದೆ ಹೋದ ಮೇಲೆ, ೧೮೪೯ನೆಯ ಮಾರ್ಚಿ ೯ರಂದು, ಆಕೆಯ ನಾಲ್ವತ್ತಮೂರನೆಯ ವಯಸ್ಸಿನಲ್ಲಿ ಗಂಡುಮಗುವಾಯಿತು. ಅವನನ್ನು ಪೆನ್ ಎಂದು ಕರೆದರು.

ಅದೇ ವಾರಗಳಲ್ಲಿ ಬ್ರೌನಿಂಗನ ತಾಯಿ ಲಂಡನ್ನಿನಲ್ಲಿ ಕಾಲವಾದಳು. ಆತನು ಮಗುವಿನ ಸಂತೋಷವನ್ನೂ ಅನುಭವಿಸಲಾರದೆ ಕುಗ್ಗಿಹೋದನು. ಆ ಬೇಸಗೆಯಲ್ಲಿ ಲುಕ್ಕಾದ ಬಳಿಯ ಬೆಟ್ಟದೂರಿನಲ್ಲಿರುವಾಗ ಹೆಂಡತಿಯು, ತಾನು ಒಮ್ಮೆ ಅವನ ವಿಷಯವಾಗಿ ಕೆಲವು ಪದ್ಯಗಳನ್ನು ಬರೆದಿದ್ದುದಾಗಿ ಸಂಕೋಚದಿಂದ ತಿಳಿಸಿ, ನಾಲ್ವತ್ತನಾಲ್ಕು ಸಾನೆಟ್ಟುಗಳ ಕಟ್ಟನ್ನು ಕೈಯಲ್ಲಿಟ್ಟಳು. ಪ್ರಣಯದ ಆ ಇಪ್ಪತ್ತು ತಿಂಗಳುಗಳಲ್ಲಿ, ಪತ್ರಗಳ ಮರೆಯಲ್ಲಿ, ಬರೆದಿಟ್ಟು ಮೂರು ವರ್ಷ ಬಚ್ಚಿಟ್ಟಿದ್ದುವು ಅವು. ಇಂಥವನ್ನು ತನ್ನೊಬ್ಬನಿಗಾಗಿ ಇಟ್ಟುಕೊಳ್ಳುವ ಹಕ್ಕು ತನಗಿಲ್ಲವೆಂದು ಬ್ರೌನಿಂಗನು ೧೮೫೦ರಲ್ಲಿ ಪ್ರಕಟಿಸಿದನು. ಮನೆಯ ಗುಟ್ಟು ಬಯಲಾಗದಿರಲೆಂದು, ಪೋರ್ಚುಗಲ್ ಭಾಷೆಯಿಂದ ಬಂದುವೋ ಎಂಬಂಥ ಹೆಸರನ್ನು ಕೊಟ್ಟರು. ಆ ವರ್ಷವೇ ವರ್ಡ್ಸ್‌ವರ್ತ್ ಕವಿಯು ತೀರಿಕೊಂಡಾಗ, ತೆರವಾದ ಆಸ್ಥಾನಕವಿಯ ಸ್ಥಾನಕ್ಕೆ ಒಂದು ಪ್ರಸಿದ್ಧ ಪತ್ರಿಕೆಯು ಎಲಿಜಬೆತ್ತಳ ಹೆಸರನ್ನು ಸೂಚಿಸಿತ್ತು. ಗಂಡನನ್ನು ಜನರು ಇನ್ನೂ ಆಕೆಯ ಗಂಡನೆಂದೇ ಗುರುತಿಸುತ್ತಿದ್ದರು. ಇದರಿಂದ ಆತನಿಗೆ ಅಸೂಯೆಯಾದ ಕುರುಹು ಎಲ್ಲಿಯೂ ಕಾಣದು. ಆಕೆಯ ಪ್ರತಿಭೆಯೇ ತನ್ನದಕ್ಕಿಂತ ಮೇಲೆಂದು ಆತನ ನಂಬಿಕೆ. ಕಾಲವು ಈ ತೀರ್ಪನ್ನು ಒಪ್ಪಲಿಲ್ಲವಾದರೂ, ಹಾಗೆ ನಂಬಬಲ್ಲ ಗಂಡಂದಿರು ಕವಿಗಳಲ್ಲಿ ಹೆಚ್ಚಿಲ್ಲ.

ಮನಸ್ತಾಪಗಳೇ ಇರಲಿಲ್ಲವೆಂದಲ್ಲ. ಸತ್ತವರು ಮೇಜನ್ನು ತಟ್ಟಿ ಮಾತಾಡುವರೆಂಬ ಪ್ರೇತವಿದ್ಯೆಯಲ್ಲಿ ಆಕೆಗೆ ನಂಬಿಕೆ ಬೆಳೆಯಿತು. ಬ್ರೌನಿಂಗನಿಗೆ ಅದನ್ನು ಕಂಡರೆ ಕಿಡಿ. ಆಕೆಗೆ ಫ್ರಾನ್ಸಿನ ಮೂರನೆಯ ನೆಪೋಲಿಯನನು ಇಟಲಿಯ ಉದ್ಧಾರಕ. ಆತನಿಗೆ ಅವನು ವಂಚಕ. ಮಗನಿಗೆ ನೀಳವಾದ ಗುಂಗುರುಗೂದಲನ್ನು ಬಿಟ್ಟು ಮಖಮಲ್ಲಿನ ಅಂಗಿ ತೊಡಿಸುವ ತಾಯಿಯ ಹಟವನ್ನು ತಂದೆಯು ಸಹಿಸಿಕೊಂಡಿದ್ದನು. ಕಳ್ಳರಿಗೆ ಹಣ ಕೊಡುವ ವಿಷಯದಲ್ಲಿ ಆರಂಭವಾದ ವಾದವು ಸಂಸಾರದಲ್ಲಿಯೂ ನಡೆಯಿತು, ಎಂದರೆ ಆಕೆಯು ತನ್ನ ಅಭಿಪ್ರಾಯವನ್ನು ಒಬ್ಬ ಗಂಡಸಿನ ಕೈಯಿಂದ ಮತ್ತೊಬ್ಬನ ಕೈಗೆ ಒಪ್ಪಿಸಲು ವಿಂಪೋಲ್ ಬೀದಿಯನ್ನು ಬಿಟ್ಟು ಬಂದವಳಲ್ಲ.

ತಂದೆಗೆ ಆಕೆಯು ಬರೆಯುತ್ತಲೇ ಇದ್ದಳು. ೧೮೫೧ರಲ್ಲಿ ಲಂಡನ್ನಿಗೆ ಬಂದಾಗ ಬ್ರೌನಿಂಗನು ಮಾವನಿಗೆ ಒಂದು ವಿನಯದ ಪತ್ರವನ್ನು ಬರೆದನು. ಉತ್ತರವಾಗಿ ನಿಷ್ಠುರವಾದ ಕಾಗದವೂ ಅದರ ಜೊತೆಗೆ ಒಂದು ಕಟ್ಟೂ ಬಂದುವು. ಮಗಳು ಐದು ವರ್ಷಗಳಲ್ಲಿ ಬರೆದ ಪತ್ರಗಳು ಅದರಲ್ಲಿದ್ದುವು. ಒಂದರ ಅರಗನ್ನೂ ಒಡೆದಿರಲಿಲ್ಲ. ಕೆಲವಕ್ಕೆ ಸೂತಕದ ಕರಿಯ ಅಂಚಿದ್ದಿತು. ಸತ್ತುದು ಮಗುವೋ ಅಳಿಯನೋ ಎಂಬುದನ್ನು ತಿಳಿಯುವುದಕ್ಕಾದರೂ ಆತನು ಅವನ್ನು ಬಿಚ್ಚಿರಲಿಲ್ಲ. ೧೮೫೫ರಲ್ಲಿ ಮತ್ತೊಮ್ಮೆ ಬಂದಾಗ, ಆರು ವರ್ಷದ ಪೆನ್ ವಿಂಪೋಲ್ ಬೀದಿಯ ಮನೆಯ ನಡುಮನೆಯಲ್ಲಿ ಸೋದರಮಾವನೊಡನೆ ಆಡುತ್ತಿದ್ದನು. ಅಜ್ಜನು ಬಂದು ನಿಂತು ನೋಡಿ, ಯಾರ ಮಗುವೆಂದು ಆ ಬಳಿಕ ಮಗನನ್ನು ಕೇಳಿದನು. ಎಲಿಜಬೆತ್ತಳದೆಂದು ಉತ್ತರ ಬಂದಾಗ, ಅದಕ್ಕೆ ಇಲ್ಲಿ ಏನು ಕೆಲಸವೆಂದು ಕೇಳಿ ಮಾತನ್ನು ಬದಲಿಸಿದನು. ೧೮೫೭ನೆಯ ಏಪ್ರಿಲಿನಲ್ಲಿ ಆತನು ತೀರಿಕೊಂಡನು. ಆ ವೇಳೆಗೆ ಆಕೆಯ 'ಅರೋರಾ ಲೀ' ಎಂಬ ಮಹಾಕಾವ್ಯವು ಹೊರಬಿದ್ದು ಎಲ್ಲೆಲ್ಲಿಯೂ ಅದರ ಮಾತೇ ಆಗಿದ್ದಿತು. ಮೊದಲನೆಯ ಕಾವ್ಯವನ್ನು ಐವತ್ತು ಪ್ರತಿ ಅಚ್ಚು ಹಾಕಿಸಿದವನು ಇದನ್ನು ಓದಿದನೋ ಇಲ್ಲವೋ! ಸಾವಿನ ಸುದ್ದಿಯಿಂದ ಆಕೆಯು ಬಹುದಿನ ಏಳಲಿಲ್ಲ.

೧೮೬೧ನೆಯ ಜೂನ್ ೨೯ರ ನಸುಕಿನಲ್ಲಿ, ಕಾಸಾ ಗ್ವಿಡಿಯಲ್ಲಿ, ಗಂಡನ ತೋಳಿನ ಮೇಲೆ ಎಲಿಜಬೆತ್ತಳ ಪ್ರಾಣವು ಹೋಯಿತು. ವೈದ್ಯರು ಎಂದೋ ಕೈಬಿಟ್ಟಿದ್ದ ದೇಹವು ವಿವಾಹದ ತರುವಾಯ ಹದಿನೈದು ವರ್ಷ ಬಾಳಿತು. ಬ್ರೌನಿಂಗನು ಆ ಕೋಣೆಯು ಇದ್ದಂತೆಯೇ ಅದರ ಚಿತ್ರವೊಂದನ್ನು ಬರೆಯಿಸಿಕೊಂಡು, ಮಗನ ಕೂದಲನ್ನು ಕತ್ತರಿಸಿ, ಊರು ಬಿಟ್ಟನು. ಫ್ಲಾರೆನ್ಸಿಗೆ ಮತ್ತೆ ಬರಲಿಲ್ಲ. 'ದಿ ರಿಂಗ್ ಅಂಡ್ ದಿ ಬುಕ್' ಎಂಬ ಕಾವ್ಯದಿಂದ ೧೮೬೮-೬೯ರಲ್ಲಿ ಆತನಿಗೆ ಕೀರ್ತಿ ಬಂದಿತು, ನೋಡಲು ಆಕೆಯಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ಮೇಲೆ, ಎಪ್ಪತ್ತೇಳರ ವೃದ್ಧನಾಗಿದ್ದಾಗ, ಆಗಲೇ ತೀರಿಕೊಂಡಿದ್ದ ಫಿಟ್ಸ್‌ಜೆರಾಲ್ಡ್ ಕವಿಯ ಒಂದು ಹಳೆಯ ಪತ್ರವು ಅಚ್ಚಾಗಿ ಆತನ ಕಣ್ಣಿಗೆ ಬಿದ್ದಿತು. ಎಲಿಜಬೆತ್ತಳು ಸತ್ತುದರಿಂದ ಇನ್ನು ಅರೋರಾ ಲೀಯಂಥವು ಬರುವುದಿಲ್ಲವೆಂದು ಆ ಕವಿಯು ಸಮಾಧಾನಪಟ್ಟುಕೊಂಡಿದ್ದನು. ಬ್ರೌನಿಂಗನು ಕೋಪದಿಂದ ನಡುಗುತ್ತ, ಸತ್ತವನೆಂದೂ ನೋಡದೆ, ನಾಗರಿಕರು ಬೆಚ್ಚುವಂಥ ಪದ್ಯವೊಂದನ್ನು ಪತ್ರಿಕೆಗೆ ಕಳುಹಿಸಿದನು.

ಆ ವರ್ಷವೇ, ೧೮೮೯ನೆಯ ಡಿಸೆಂಬರು ೧೨ರಂದು, ಆತನು ವೆನಿಸ್ ನಗರದಲ್ಲಿ ಮಗನ ಮನೆಯಲ್ಲಿ ಕಾಲವಾದನು. ಹೆಂಡತಿಯ ಮಗ್ಗುಲಲ್ಲಿ ಹೂಳಬೇಕೆಂದು ಯೋಚಿಸಿದರು. ಆದರೆ ಫ್ಲಾರೆನ್ಸಿನ ಆ ಸ್ಮಶಾನವನ್ನು ಆಗಲೇ ಮುಚ್ಚಿಬಿಟ್ಟಿದ್ದರು. ಆತನ ದೇಹವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರಕ್ಕೆ ಹೋಯಿತು. ತನ್ನ ಇತರ ಕಾಗದಪತ್ರಗಳಲ್ಲಿ ಬಹಳವನ್ನು ಬ್ರೌನಿಂಗನು ಕೈಯಾರ ಸುಟ್ಟಿದ್ದನು. ಈ ಪತ್ರಗಳನ್ನು ಮಾತ್ರ ಸುಡಲಾರದೆ, ಒಂದು ಪೆಟ್ಟಿಗೆಯಲ್ಲಿಟ್ಟು, ಮುಂದೆ ಬೇಕಾದುದನ್ನು ಮಾಡೆಂದು ಮಗನಿಗೆ ಬಿಟ್ಟುಹೋಗಿದ್ದನು. ೧೮೯೯ರಲ್ಲಿ ಪೆನ್ ಅವನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದನು. ಮೂಲಪತ್ರಗಳು ಈಗ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವೆಲ್ಲೆಸ್ಲಿ ಎಂಬ ಮಹಿಳಾ ಕಾಲೇಜಿನಲ್ಲಿವೆ. ವಿಂಪೋಲ್ ಬೀದಿಯ ಆ ಹಳೆಯ ಮನೆಯು ಈಗಿಲ್ಲ. ಅದರ ಮುಂಬಾಗಿಲನ್ನು ಮಾತ್ರ, ಅಂಚೆಯವನು ಪತ್ರ ಹಾಕುತ್ತಿದ್ದ ಹಿತ್ತಾಳೆಯ ಬಾಯಿ ಸಹಿತವಾಗಿ, ಅದೇ ಕಾಲೇಜಿನಲ್ಲಿ ತಂದಿಟ್ಟಿದ್ದಾರೆ.